ಮನೆಮದ್ದು: ಹಸಿ ಗಿಡ, ಒಣ ಗಿಡ ಮತ್ತು ಟಿಂಚರ್ ಬಾಟ್ಲಿ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ಸದಸ್ಯರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಸಂತೋಷದ ದಿನ ಎಲ್ಲರೂ ಬೀಜ, ಗೊಬ್ಬರ, ಸಾಲ, ಬಡ್ಡಿ ಇವುಗಳ ಬಗ್ಗೆ ಮಾತಾಡಿದರು. ನಮಗೆ ಮಾತ್ರ ಔಷಧದ ವಿಷಯ ಕೊಟ್ಟಿದ್ದಾರೆ. ನಾವು ಓದಿದ್ದು ಎಸ್ಸೆಸ್ಸೆಲ್ಸಿ. ವೈದ್ಯರೂ ಅಲ್ಲ, ಪಂಡಿತರೂ ಅಲ್ಲ. ಹತ್ತಿ, ಮೆಣಸಿನಕಾಯಿ, ತೊಗರಿ ಬೆಳೆಯೋ ಮಂದಿ. ಆದರೂ ಈ ವಿಷಯ ನಮ್ಮ ತಲೆಗೆ ಯಾಕೆ ಬಂತು ಅಂದ್ರೆ, ಬೆಳ್ಳಿಹಬ್ಬದ ವರ್ಷದಲ್ಲಿ ಸಂಘದಿಂದ ಗಿಡಮೂಲಿಕೆ ಟಿಂಚರ್ ತಯಾರು ಮಾಡಿ ಬಾಟ್ಲಿಯಲ್ಲಿ ತುಂಬಿ ಮಾರೋಣ ಅಂತ ಕೆಲವು ಯುವಕ ಸದಸ್ಯರು ಅರ್ಜಿ ಕೊಟ್ಟಿದ್ದರು. ಆಡಳಿತ ಮಂಡಳಿ ಅದನ್ನು ವಿಚಾರ ಮಾಡಲಿಕ್ಕೆ ನಮಗೆ ಹೇಳಿತು. ನಾವು ತಿಳಿದವರನ್ನು ಕೇಳಿ, ಓದಿ, ಮನೆಯಲ್ಲಿ ಮಾಡಿ ನೋಡಿ, ತಿಳಿದಷ್ಟನ್ನು ನಿಮ್ಮ ಮುಂದೆ ಇಡುತ್ತಿದ್ದೇವೆ.

ಮೊದಲು ಟಿಂಚರ್ ಅಂದ್ರೆ ಏನು ಅನ್ನೋದು ತಿಳಿಯಬೇಕು. ಸಣ್ಣವರಿದ್ದಾಗ ಮೊಣಕಾಲು ಕೆತ್ತಿದರೆ ಸಾಲಿ ಮಾಸ್ತರು ಉರಿಯುವ ಕೆಂಪು ಔಷಧ ಹಚ್ಚುತ್ತಿದ್ದರಲ್ಲ, ಅದೇ ಟಿಂಚರ್ ಅಯೋಡಿನ್. ಅಯೋಡಿನ್ ಅನ್ನು ಮದ್ಯಸಾರದಲ್ಲಿ ಕರಗಿಸಿದ್ದು ಅದು. ಹಾಗೆಯೇ ಎಲೆ, ಬೇರು, ತೊಗಟೆಗಳನ್ನು ಮದ್ಯಸಾರದಲ್ಲಿ ನೆನೆಯಿಟ್ಟು ಸತ್ವ ಇಳಿಸಿದರೆ ಅದು ಗಿಡಮೂಲಿಕೆ ಟಿಂಚರ್. ಹೋಮಿಯೋಪತಿಯವರು ಮದರ್ ಟಿಂಚರ್ ಅನ್ನುವುದೂ ಇದೇ ಜಾತಿಯದು. ನಮ್ಮ ಆಯುರ್ವೇದದಲ್ಲಿ ಹೊರಗಿನಿಂದ ಮದ್ಯಸಾರ ಹಾಕುವುದಿಲ್ಲ. ಬೆಲ್ಲ, ಧಾತಕಿ ಹೂವು ಹಾಕಿ ಹುದುಗು ಬರಿಸಿ, ತಾನಾಗಿಯೇ ಸ್ವಲ್ಪ ಮದ್ಯಸಾರ ಹುಟ್ಟುವಂತೆ ಮಾಡುತ್ತಾರೆ. ಕುದಿಸಿದ ಕಷಾಯದಿಂದ ಮಾಡಿದ್ದು ಅರಿಷ್ಟ, ಕುದಿಸದೆ ಮಾಡಿದ್ದು ಆಸವ. ಇನ್ನು ನಮ್ಮದು 1948ರ ತನಕ ನಿಜಾಮರ ಸೀಮೆ. ಹಕೀಮರ ಯುನಾನಿ ಔಷಧವೂ ನಮ್ಮ ಹಿರಿಯರಿಗೆ ಗೊತ್ತಿತ್ತು. ಗಿಡವನ್ನು ನೀರಿನಲ್ಲಿ ಕುದಿಸಿ, ಅದರ ಆವಿಯನ್ನು ತಣಿಸಿ ಇಳಿಸಿದರೆ ಅದಕ್ಕೆ ಅರ್ಕ ಅನ್ನುತ್ತಾರೆ. ಹೈದರಾಬಾದಿನಲ್ಲಿ 1920ರಿಂದ ತಯಾರಾಗುವ ಜಿಂದಾ ತಿಲಿಸ್ಮಾತ್ ಶೀಸೆಯನ್ನು ನಮ್ಮ ಭಾಗದಲ್ಲಿ ನೋಡದವರು ಕಡಿಮೆ. ಅಂದ್ರೆ ಬಾಟ್ಲಿ ಔಷಧ ನಮಗೆ ಹೊಸದೇನಲ್ಲ.

ಈಗ ಮುಖ್ಯ ಪ್ರಶ್ನೆ. ನೀರು ಇರುವಾಗ ಮದ್ಯಸಾರ ಯಾಕೆ? ಎರಡು ಕಾರಣ. ಒಂದು, ಗಿಡದಲ್ಲಿರುವ ಅಂಟು, ಎಣ್ಣೆಯಂಥ ಕೆಲವು ಸತ್ವಗಳು ನೀರಿಗೆ ಬಿಡುವುದಿಲ್ಲ, ಮದ್ಯಸಾರಕ್ಕೆ ಬಿಡುತ್ತವೆ. ಎರಡು, ಕಷಾಯ ಒಂದು ದಿನಕ್ಕೆ ಹಳಸುತ್ತದೆ. ನಮ್ಮ ರಾಯಚೂರು ಬಿಸಿಲಿನಲ್ಲಂತೂ ಮುಂಜಾನೆ ಮಾಡಿದ್ದು ಸಂಜೆಗೆ ಕೆಡುತ್ತದೆ. ಟಿಂಚರ್ ವರ್ಷಗಟ್ಟಲೆ ಇರುತ್ತದೆ.

ಮಾಡುವ ರೀತಿ ಕಷ್ಟದ್ದಲ್ಲ. ಒಣಗಿದ ಗಿಡ ಆದರೆ ಒಂದು ಪಾಲಿಗೆ ಐದು ಪಾಲು ದ್ರವ, ಅಂದ್ರೆ 100 ಗ್ರಾಮಿಗೆ 500 ಮಿಲಿ. ಹಸಿ ಗಿಡ ಆದರೆ ಒಂದಕ್ಕೆ ಎರಡು ಪಾಲು, 100 ಗ್ರಾಮಿಗೆ 200 ಮಿಲಿ. ಸಣ್ಣಗೆ ಹೆಚ್ಚಿ ಗಾಜಿನ ಬಾಟ್ಲಿಯಲ್ಲಿ ಹಾಕಿ, ಪೂರ್ತಿ ಮುಳುಗುವಂತೆ ದ್ರವ ಹೊಯ್ದು, ಮುಚ್ಚಳ ಬಿಗಿ ಮಾಡಿ, ಬೆಳಕು ಬೀಳದ ಜಾಗದಲ್ಲಿ ಎರಡು ವಾರ ಇಟ್ಟು, ದಿನಾ ಒಮ್ಮೆ ಅಲ್ಲಾಡಿಸಿ, ಆಮೇಲೆ ಬಟ್ಟೆಯಲ್ಲಿ ಹಿಂಡಿ ಸೋಸುತ್ತಾರೆ. ಹಸಿಗೂ ಒಣದಕ್ಕೂ ಲೆಕ್ಕ ಬೇರೆ ಯಾಕೆ? ಹಸಿ ಸೊಪ್ಪಿನಲ್ಲಿ ಮುಕ್ಕಾಲು ಪಾಲು ಬರೀ ನೀರು. 100 ಗ್ರಾಂ ಹಸಿ ಸೊಪ್ಪಿನಲ್ಲಿ 75 ಗ್ರಾಂ ನೀರಿದೆ ಅಂತ ಹಿಡೀರಿ. ಅಂಗಡಿಯಲ್ಲಿ ಸಿಗುವ ಬ್ರಾಂದಿಯಲ್ಲಿ ನೂರಕ್ಕೆ 42.8 ಪಾಲು ಮದ್ಯಸಾರ. ಅದನ್ನು 200 ಮಿಲಿ ಹೊಯ್ದರೆ ಗಿಡದ ನೀರು ಸೇರಿ ಅದು ನೂರಕ್ಕೆ 31ಕ್ಕೆ ಇಳಿಯುತ್ತದೆ. ದುಡ್ಡು ಉಳಿಸಲಿಕ್ಕೆ 100 ಮಿಲಿ ಹೊಯ್ದರೆ 24ಕ್ಕೆ ಇಳಿಯುತ್ತದೆ. ಇನ್ನೂ ಇಳಿದರೆ ಬೂಷ್ಟು ಹಿಡಿದು ಕೆಡುತ್ತದೆ. ಒಣಗಿದ್ದರಲ್ಲಿ ಈ ತೊಂದರೆ ಇಲ್ಲ.

ಇಷ್ಟು ಹೇಳಿದ ಕೂಡಲೇ ನಮ್ಮ ಯುವಕರಿಗೆ ಹುರುಪು ಬಂತು. ಆದರೆ ಹೋದ ತಿಂಗಳ ಸಭೆಯಲ್ಲಿ ಒಬ್ಬ ಹಿರಿಯ ತಾಯಿ ಎದ್ದು ನಿಂತು ಕೇಳಿದ ಮಾತನ್ನು ನಾವು ಇಲ್ಲಿ ಎಲ್ಲರಿಗೂ ಹೇಳಲೇಬೇಕು. ಆಕೆ ಅಂದದ್ದು ಇಷ್ಟು: "ಯಪ್ಪಾ, ಸೆರೆ ಬ್ಯಾಡ ಅಂತ ನಾವು ಹೆಣ್ಮಕ್ಕಳು ಕಾಲು ಬಾತರೂ ಬೆಂಗಳೂರು ತನಕ ನಡದೀವಿ. ಈಗ ನೀವು ಔಷಧ ಅಂತ ಹೆಸರಿಟ್ಟು ಅದನ್ನ ಮತ್ತ ಮನಿಯೊಳಗ ತರ್ತೀರೇನು?"

ಸಭೆ ಗಪ್ಪಾಯಿತು. ಆ ಮಾತು ಸುಳ್ಳಲ್ಲ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಸಾರಾಯಿ ಹೋಯಿತು, ಬ್ರಾಂದಿ ವಿಸ್ಕಿ ಪಾಕೀಟು ಬಂತು. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ಸಾವಿರಾರು ಹೆಣ್ಣುಮಕ್ಕಳು ಮದ್ಯ ನಿಷೇಧ ಆಗಲಿ ಅಂತ ಪಾದಯಾತ್ರೆ ಮಾಡಿದರು. ಅದರಲ್ಲಿ ನಮ್ಮ ರಾಯಚೂರು ಜಿಲ್ಲೆಯ ತಾಯಂದಿರು ಮುಂದಿದ್ದರು. ಹತ್ತಿ ಬಿಡಿಸುವ ಕೂಲಿ ಬಿಟ್ಟು ಹೋದವರು ಅವರು. ಅಂಥವರ ಮುಂದೆ ಬ್ರಾಂದಿಯ ಲೆಕ್ಕ ಹೇಳುವಾಗ ನಾವು ಜವಾಬ್ದಾರಿಯಿಂದ ಮಾತಾಡಬೇಕು.

ಕೆಲವರು ಅನ್ನಬಹುದು, ಟಿಂಚರ್ ಕುಡಿಯುವುದು ಇಪ್ಪತ್ತು ಮೂವತ್ತು ಹನಿ, ಅದರಿಂದ ಅಮಲು ಏರುತ್ತದೇನು ಅಂತ. ಹನಿಯ ಲೆಕ್ಕದಲ್ಲಿ ಅವರ ಮಾತು ಸರಿ. ಒಂದೂವರೆ ಮಿಲಿ ಔಷಧದಲ್ಲಿ ಇರುವ ಮದ್ಯಸಾರ ಬಹಳ ಕಡಿಮೆ. ಆದರೆ ಆ ತಾಯಿ ಕೇಳಿದ್ದು ಹನಿಯ ಲೆಕ್ಕ ಅಲ್ಲ, ಬಾಟ್ಲಿಯ ಲೆಕ್ಕ. ಕುಡಿಯೋದು ಬಿಟ್ಟ ಗಂಡಸು ಇರುವ ಮನೆಯಲ್ಲಿ ಅರ್ಧ ಬಾಟ್ಲಿ ಬ್ರಾಂದಿ ಔಷಧದ ಹೆಸರಿನಲ್ಲಿ ಗೂಡಿನಲ್ಲಿ ಕುಂತಿದ್ದರೆ, ಅದು ಎಷ್ಟು ದಿನ ಔಷಧವಾಗಿ ಉಳಿದೀತು? ಕಳ್ಳನ ಕೈಗೆ ಬೀಗದಕೈ ಕೊಟ್ಟಂಗೆ ಆಗ್ತದ.

ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು. ಬ್ರಾಂದಿ ತುಟ್ಟಿ ಅಂತ ಕೆಲವರು ಬಣ್ಣದಂಗಡಿ ಸ್ಪಿರಿಟ್, ಗಾಯಕ್ಕೆ ಹಚ್ಚುವ ಸ್ಪಿರಿಟ್ ತಂದು ಬೇರು ನೆನೆಯಿಡುತ್ತಾರೆ. ಇದು ನೇರವಾಗಿ ವಿಷ. ಕುಡಿಯಬಾರದು ಅಂತಲೇ ಅಂಥ ಸ್ಪಿರಿಟ್‌ನಲ್ಲಿ ಮಿಥೈಲ್ ಮದ್ಯಸಾರದಂಥ ವಿಷ ಬೆರೆಸಿರುತ್ತಾರೆ. ಮಿಥೈಲ್ ಹೊಟ್ಟೆಗೆ ಹೋದರೆ ಕಣ್ಣು ಹೋಗುತ್ತದೆ, ಜೀವ ಹೋಗುತ್ತದೆ. 1981ರಲ್ಲಿ ಬೆಂಗಳೂರಿನಲ್ಲಿ ಕಳ್ಳಬಟ್ಟಿ ದುರಂತ ಆಯಿತು. 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಮತ್ತು ಗಡಿಯಾಚೆಯ ಹೊಸೂರು ಕಡೆ ನೂರಕ್ಕೂ ಹೆಚ್ಚು ಬಡವರು ಸತ್ತರು. ಎರಡರಲ್ಲೂ ಜೀವ ತೆಗೆದದ್ದು ಈ ಮಿಥೈಲ್ ವಿಷವೇ. ಅದರಲ್ಲಿ ತುಳಸಿ ನೆನೆಯಿಟ್ಟರೆ ವಿಷ ಅಮೃತ ಆಗುವುದಿಲ್ಲ.

ಹಾಗಾದರೆ ಗಿಡಮೂಲಿಕೆ ಬಿಡಬೇಕೇನು? ಬಿಡಬೇಕಾಗಿಲ್ಲ. ಮದ್ಯಸಾರ ಇಲ್ಲದೆ ಮನೆಯಲ್ಲಿ ಮಾಡುವ ದಾರಿ ನಮ್ಮ ಹಿರಿಯರು ಹಾಕಿಕೊಟ್ಟಿದ್ದಾರೆ. ಟಿಂಚರ್‌ನ ದೊಡ್ಡ ಗುಣ ಅಂದ್ರೆ ಬಾಳಿಕೆ. ಆ ಬಾಳಿಕೆಯನ್ನು ನಾವು ಒಣಗಿಸುವುದರಿಂದ ಪಡೆಯಬಹುದು. ಗಿಡವನ್ನು ಸರಿಯಾಗಿ ಒಣಗಿಸಿ ಇಟ್ಟರೆ, ಬೇಕಾದಾಗ ಬೇಕಾದಷ್ಟೇ ಕಷಾಯ ಮಾಡಿಕೊಳ್ಳಬಹುದು.

ಒಣಗಿಸುವುದು ಹೇಗೆ? ನಮ್ಮಲ್ಲಿ ಬಿಸಿಲಿಗೇನು ಬರ ಇಲ್ಲ. ಮೆಣಸಿನಕಾಯಿ ಒಣಗಿಸಿದಂಗೆ ಕಣದಲ್ಲಿ ಹರವಿದರೆ ಮುಗೀತು ಅಂತ ತಿಳೀಬ್ಯಾಡ್ರಿ. ತುಳಸಿ, ಲಕ್ಕಿ, ದೊಡ್ಡಪತ್ರೆಯಂಥ ವಾಸನೆಯ ಎಲೆಗಳ ಗುಣ ಅದರ ಎಣ್ಣೆಯಲ್ಲಿ ಇರುತ್ತದೆ. ಬಿಸಿಲಿಗೆ ಹಾಕಿದರೆ ಆ ಎಣ್ಣೆ ಹಾರಿಹೋಗಿ ಬರೀ ಕಸ ಉಳಿಯುತ್ತದೆ. ಎಲೆಗಳನ್ನು ನೆರಳಿನಲ್ಲಿ, ಗಾಳಿ ಆಡುವ ಪಡಸಾಲೆಯಲ್ಲಿ, ತೊಳೆದ ಬಟ್ಟೆಯ ಮೇಲೆ ತೆಳ್ಳಗೆ ಹರವಬೇಕು. ಕೈಯಲ್ಲಿ ತಿಕ್ಕಿದರೆ ಪುಡಿಯಾಗಬೇಕು, ದಂಟು ಬಗ್ಗಿಸಿದರೆ ಪಟ್ ಅಂತ ಮುರಿಯಬೇಕು. ಬೇರು, ಕಾಂಡ ಇದ್ದರೆ ಹಸಿ ಇದ್ದಾಗಲೇ ಸಣ್ಣ ತುಂಡು ಮಾಡಬೇಕು. ಪೂರ್ತಿ ಒಣಗದ ಬೇರು ಡಬ್ಬಿಯಲ್ಲಿ ಬೂಷ್ಟು ಹಿಡಿಯುತ್ತದೆ. ಬೂಷ್ಟು ಹಿಡಿದದ್ದನ್ನು ತಿಪ್ಪೆಗೆ ಹಾಕಬೇಕು, ಹೊಟ್ಟೆಗೆ ಹಾಕಬಾರದು.

ಕೀಳುವ ಜಾಗದ ಬಗ್ಗೆಯೂ ಎರಡು ಮಾತು. ದೇವದುರ್ಗ ಕಡೆ ಹತ್ತಿ, ಮೆಣಸಿನಕಾಯಿ ಹೊಲಕ್ಕೆ ನಾವು ಎಷ್ಟು ಸಲ ಔಷಧ ಹೊಡೆಯುತ್ತೇವೆ ಅನ್ನೋದು ನಮಗೇ ಗೊತ್ತು. ಮಾನ್ವಿ ಕಡೆ ನೆಲ್ಲಿನ ಗದ್ದೆ ಬದುವಿಗೆ ಕಳೆನಾಶಕ ಬೀಳುತ್ತದೆ. ಅಂಥ ಬದುವಿನ ಗಿಡ ಕಿತ್ತು ಕಷಾಯ ಮಾಡಿದರೆ ನಾವೇ ಹೊಡೆದ ವಿಷವನ್ನು ನಾವೇ ಕುಡಿದಂಗೆ. ಮನೆ ಹಿತ್ತಲದ ಗಿಡವೇ ಒಳ್ಳೆಯದು. ಹಾಗೆಯೇ ಕ್ರಿಮಿನಾಶಕದ ಖಾಲಿ ಡಬ್ಬಿ ಎಷ್ಟೇ ಚೆಂದ ಇರಲಿ, ಎಷ್ಟೇ ತೊಳೆಯಿರಿ, ಅದರಲ್ಲಿ ಔಷಧ, ಎಣ್ಣೆ, ನೀರು ಯಾವುದನ್ನೂ ತುಂಬಬಾರದು. ಈ ಮಾತು ನಮ್ಮ ಸಂಘದ ಗೊಬ್ಬರದ ಕೌಂಟರಿನಲ್ಲೂ ಹೇಳುತ್ತಾ ಬಂದಿದ್ದೇವೆ.

ಇನ್ನು ಕಷಾಯದ ಅಳತೆ. ಹಳೆಯ ವೈದ್ಯ ಗ್ರಂಥಗಳ ಲೆಕ್ಕ ಸರಳ ಐತಿ. ಎಲೆಯಂಥ ಮೆತ್ತನೆಯದಕ್ಕೆ ನಾಲ್ಕು ಪಾಲು ನೀರು, ಗಟ್ಟಿಯದಕ್ಕೆ ಎಂಟು ಪಾಲು, ಬಹಳ ಗಟ್ಟಿ ಬೇರಿಗೆ ಹದಿನಾರು ಪಾಲು. ಸಣ್ಣ ಉರಿಯಲ್ಲಿ ಮುಚ್ಚಳ ತೆಗೆದು ಕುದಿಸಿ ಕಾಲು ಪಾಲಿಗೆ ಇಳಿಸಬೇಕು. ಹಸಿ ಇದ್ದರೆ ಒಣದಕ್ಕಿಂತ ಎರಡು ಪಟ್ಟು ತೂಕ ತಗೋಬೇಕು. ಆದರೆ ಅಮೃತಬಳ್ಳಿ, ಆಡುಸೋಗೆ ಇಂಥ ಕೆಲವನ್ನು ಹಸಿಯಾಗಿಯೇ ಬಳಸಬೇಕು, ಅವನ್ನು ಎರಡು ಪಟ್ಟು ಮಾಡಬಾರದು ಅಂತ ಶಾರ್ಙ್ಗಧರ ಸಂಹಿತೆಯಲ್ಲಿ ಇದೆ. ನೋಡ್ರಿ, ಟಿಂಚರ್ ಮಾಡುವವರು ಹೇಳುವ ಹಸಿ ಒಣ ಲೆಕ್ಕ ನಮ್ಮ ಹಿರಿಯರಿಗೂ ಗೊತ್ತಿತ್ತು. ಕಷಾಯ ಆ ದಿನದ್ದು ಆ ದಿನಕ್ಕೇ. ಉಳಿದದ್ದನ್ನು ಚೆಲ್ಲಬೇಕು.

ಎಣ್ಣೆ ಇನ್ನೊಂದು ದಾರಿ. ನೀರಿಗೆ ಬಿಡದ ಸತ್ವ ಎಣ್ಣೆಗೆ ಬಿಡುತ್ತದೆ. ಲಕ್ಕಿ ಎಲೆಯ ಎಣ್ಣೆ ಕೀಲು ನೋವಿಗೆ ನಮ್ಮಲ್ಲಿ ಬಹಳ ಹಿಂದಿನಿಂದ ಹಚ್ಚುತ್ತಾರೆ. ಒಂದು ಪಾಲು ಅರೆದ ಎಲೆ, ನಾಲ್ಕು ಪಾಲು ಎಳ್ಳೆಣ್ಣೆ, ಹದಿನಾರು ಪಾಲು ಎಲೆಯ ರಸ ಅಥವಾ ಕಷಾಯ. ಸಣ್ಣ ಉರಿಯಲ್ಲಿ ನೀರಿನಂಶ ಹೋಗುವ ತನಕ ಕಾಯಿಸಬೇಕು. ತಳದ ಗಸಿಯನ್ನು ಬೆರಳಲ್ಲಿ ಹೊಸೆದರೆ ಬತ್ತಿ ಆಗಬೇಕು, ಆ ಬತ್ತಿಯನ್ನು ಬೆಂಕಿಗೆ ಹಿಡಿದರೆ ಚಟಪಟ ಅನ್ನಬಾರದು. ಅದೇ ಹದ. ಚಟಪಟ ಅಂದರೆ ನೀರು ಉಳಿದಿದೆ, ಎಣ್ಣೆ ಬೇಗ ಕೆಡುತ್ತದೆ. ಇದು ಹಚ್ಚಲಿಕ್ಕೆ ಮಾತ್ರ.

ಮೂರನೆಯದು ಅಮೃತಧಾರೆ. ಪಚ್ಚಕರ್ಪೂರ, ಪುದಿನ ಸತ್ವ, ಅಜವಾನ ಸತ್ವ ಈ ಮೂರನ್ನು ಸಮ ಪಾಲು ಒಂದು ಗಾಜಿನ ಶೀಸೆಯಲ್ಲಿ ಹಾಕಿಟ್ಟರೆ, ನೀರೂ ಇಲ್ಲದೆ ಮದ್ಯಸಾರವೂ ಇಲ್ಲದೆ ಮೂರೂ ಗಟ್ಟಿ ಪದಾರ್ಥಗಳು ತಾವಾಗಿಯೇ ಕರಗಿ ದ್ರವ ಆಗುತ್ತವೆ. ಮಕ್ಕಳಿಗೆ ತೋರಿಸಿದರೆ ಜಾದೂ ಅಂತಾರೆ. ನೆಗಡಿ ಆದಾಗ ದೊಡ್ಡವರು ಕರವಸ್ತ್ರಕ್ಕೆ ಒಂದು ಹನಿ ಹಾಕಿ ವಾಸನೆ ತಗೋಬಹುದು. ಆದರೆ ಕರ್ಪೂರ ಹೊಟ್ಟೆಗೆ ಹೋದರೆ ಸಣ್ಣ ಮಕ್ಕಳಿಗೆ ಫಿಟ್ಸ್ ಬರುತ್ತದೆ. ಕೂಸುಗಳ ಮೂಗಿಗೆ, ಎದೆಗೆ ಹಚ್ಚಬಾರದು, ಅವರ ಕೈಗೆ ಶೀಸೆ ಸಿಗಬಾರದು.

ಈಗ ಸ್ವಲ್ಪ ಗಂಭೀರವಾದ ಮಾತು. ಗಿಡದ ಔಷಧ, ಏನೂ ತೊಂದರೆ ಇಲ್ಲ ಅನ್ನುವ ಮಾತು ನಮ್ಮಲ್ಲಿ ಬೇರೂರಿದೆ. ಗುಣ ಮಾಡುವ ಶಕ್ತಿ ಇದ್ದದ್ದಕ್ಕೆ ಕೆಡಿಸುವ ಶಕ್ತಿಯೂ ಇರುತ್ತದೆ. ಆಡುಸೋಗೆಯ ಸತ್ವದ ಆಧಾರದ ಮೇಲೆಯೇ ಬ್ರೋಮ್‌ಹೆಕ್ಸಿನ್ ಅನ್ನುವ ಇಂಗ್ಲಿಷ್ ಕೆಮ್ಮಿನ ಔಷಧ ತಯಾರಾಯಿತು, ಅಂದ್ರೆ ಅದರಲ್ಲಿ ಗುಣ ಇದೆ. ಅದೇ ಆಡುಸೋಗೆಯನ್ನು ಬಸುರಿ ಹೆಣ್ಣುಮಕ್ಕಳು ತಗೋಬಾರದು, ಗರ್ಭಕ್ಕೆ ತೊಂದರೆ ಆಗಬಹುದು. ಕೊರೊನಾ ಕಾಲದಲ್ಲಿ ಅಮೃತಬಳ್ಳಿಯನ್ನು ದಿನಾ ಕುದಿಸಿ ಕುಡಿದ ಕೆಲವರಿಗೆ ಯಕೃತ್ತು ಅಂದ್ರೆ ಲಿವರ್ ಕೆಟ್ಟಿತು ಅಂತ 2021ರಲ್ಲಿ ಮುಂಬಯಿ ವೈದ್ಯರು ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ, ಬೇರೆ ಬಳ್ಳಿಯನ್ನು ತಪ್ಪಾಗಿ ತಿಳಿದಿರಬಹುದು ಅಂದಿತು. ವಾದ ಏನೇ ಇರಲಿ, ನಮಗೆ ಎರಡು ಪಾಠ. ಗಿಡದ ಗುರುತು ಪಕ್ಕಾ ಇಲ್ಲದೆ ಮುಟ್ಟಬಾರದು. ತಿಂಗಳುಗಟ್ಟಲೆ ದಿನಾ ಕುಡಿಯಬಾರದು. ಸಕ್ಕರೆ ಕಾಯಿಲೆ, ಬಿ.ಪಿ., ಟಿ.ಬಿ. ಗುಳಿಗೆ ತಗೊಳ್ಳುವವರು ವೈದ್ಯರನ್ನು ಕೇಳದೆ ಯಾವ ಕಷಾಯವನ್ನೂ ಸುರು ಮಾಡಬಾರದು.

ದತ್ತೂರಿ, ಎಕ್ಕಿ, ಕಣಗಲ, ಗುಲಗಂಜಿ ಇವು ವಿಷ ಅನ್ನೋದು ನಿಮಗೆ ಗೊತ್ತು. ಆದರೆ ಈಶ್ವರಿ ಬಳ್ಳಿ ಬಹಳ ಮಂದಿಗೆ ಗೊತ್ತಿಲ್ಲ. ಹಾವು ಕಡಿದರೆ ಇದರ ಬೇರು ಅರೆದು ಕುಡಿಸುವ ರೂಢಿ ಐತಿ. ಈ ಜಾತಿಯ ಬಳ್ಳಿಗಳಲ್ಲಿರುವ ಸತ್ವ ಮೂತ್ರಪಿಂಡ ಕೆಡಿಸುತ್ತದೆ, ಕ್ಯಾನ್ಸರ್ ತರುತ್ತದೆ ಅಂತ ವಿಜ್ಞಾನಿಗಳು ಖಚಿತ ಮಾಡಿದ್ದಾರೆ. ಹಾವಿನ ವಿಷಕ್ಕೆ ಯಾವ ಬೇರೂ, ಯಾವ ಟಿಂಚರೂ ಮದ್ದಲ್ಲ. ಆಸ್ಪತ್ರೆಯ ವಿಷನಿರೋಧಕ ಇಂಜೆಕ್ಷನ್ ಒಂದೇ ಮದ್ದು. 2024ರಲ್ಲಿ ನಮ್ಮ ರಾಜ್ಯ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ರಾತ್ರಿ ಹೊಲಕ್ಕೆ ನೀರು ಕಟ್ಟಲಿಕ್ಕೆ ಹೋಗುವವರು ನಾವು. ಹಾವು ಕಡಿದರೆ ಕಡಿದ ಕೈಕಾಲು ಅಲ್ಲಾಡಿಸದೆ, ಕೊಯ್ಯದೆ, ಬಿಗಿದು ಕಟ್ಟದೆ, 108ಕ್ಕೆ ಫೋನು ಮಾಡಿ ದೇವದುರ್ಗಕ್ಕೋ ಮಾನ್ವಿಗೋ ರಾಯಚೂರಿಗೋ ಹತ್ತಿರದ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ಬೇರು ಹುಡುಕುತ್ತಾ ಕಳೆದ ಅರ್ಧ ಗಂಟೆಯನ್ನು ಯಾರೂ ತಿರುಗಿ ಕೊಡುವುದಿಲ್ಲ. ಹಾಗೆಯೇ ಎರಡು ವಾರ ದಾಟಿದ ಕೆಮ್ಮಿಗೆ ಕಷಾಯ ಸಾಕು ಅನ್ನಬಾರದು. ಕಫ ಪರೀಕ್ಷೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ, ಟಿ.ಬಿ. ಇದ್ದರೆ ಗುಳಿಗೆಯೂ ಪುಕ್ಕಟೆ.

ಈಗ ಮಾರಾಟದ ವಿಷಯ. ಮನೆಗೆ ಬೇಕಾದ ಕಷಾಯ, ಎಣ್ಣೆ ಮಾಡಿಕೊಳ್ಳುವುದು ಬೇರೆ, ಬಾಟ್ಲಿಗೆ ಚೀಟಿ ಅಂಟಿಸಿ ಮಾರುವುದು ಬೇರೆ. ಆಯುರ್ವೇದ ಔಷಧ ಮಾಡಿ ಮಾರಬೇಕಾದರೂ 1940ರ ಔಷಧ ಕಾಯ್ದೆ ಪ್ರಕಾರ ಲೈಸೆನ್ಸ್ ಬೇಕು. ಭಟ್ಟಿ ಇಳಿಸಿದರೆ 1965ರ ಕರ್ನಾಟಕ ಅಬಕಾರಿ ಕಾಯ್ದೆ ಪ್ರಕಾರ ಅಪರಾಧ. ಸಕ್ಕರೆ ಕಾಯಿಲೆ, ಕ್ಯಾನ್ಸರ್ ಗುಣ ಮಾಡುತ್ತೇವೆ ಅಂತ ಜಾಹೀರಾತು ಕೊಟ್ಟರೆ 1954ರ ಕಾಯ್ದೆ ಹಿಡಿಯುತ್ತದೆ. ಎರಡು ವರ್ಷದ ಹಿಂದೆ ಮೋಟರ್ ಸೈಕಲ್ ಮೇಲೆ ಬಂದ ಒಬ್ಬ ಮನುಷ್ಯ ನಮ್ಮೂರಲ್ಲಿ ಕೀಲು ನೋವಿನ ಟಿಂಚರ್ ಅಂತ ಮಾರಿ ಹೋದ. ಬಾಟ್ಲಿಯ ಮೇಲೆ ಗಿಡದ ಹೆಸರಿಲ್ಲ, ಮಾಡಿದ ತಾರೀಕಿಲ್ಲ, ವಿಳಾಸ ಇಲ್ಲ. ಕುಡಿದ ಇಬ್ಬರಿಗೆ ಹೊಟ್ಟೆ ಕೆಟ್ಟಿತು. ಕೇಳೋಣ ಅಂದ್ರೆ ಮನುಷ್ಯ ಎಲ್ಲಿ? ನಮ್ಮ ಸಂಘಕ್ಕೆ ವಿಳಾಸ ಐತಿ, ಹೆಸರು ಐತಿ. ಇಪ್ಪತ್ತೈದು ವರ್ಷ ಕಷ್ಟಪಟ್ಟು ಗಳಿಸಿದ ಹೆಸರು ಅದು. ಹತ್ತು ರೂಪಾಯಿ ಲಾಭಕ್ಕೆ ಆ ಹೆಸರನ್ನು ಬಾಟ್ಲಿಯಲ್ಲಿ ಹಾಕಿ ನೆನೆಯಿಡಲಿಕ್ಕೆ ಬರುವುದಿಲ್ಲ.

ಆದ್ದರಿಂದ ಆಡಳಿತ ಮಂಡಳಿಗೆ ನಾವು ಕೊಟ್ಟ ಸಲಹೆ ಹೀಗಿದೆ, ಮಂಡಳಿ ಒಪ್ಪಿದೆ.

ಒಂದು, ಸಂಘದಿಂದ ಟಿಂಚರ್ ಅಥವಾ ಯಾವುದೇ ಔಷಧ ತಯಾರಿಸಿ ಮಾರುವುದಿಲ್ಲ. ಆಸವ, ಅರಿಷ್ಟ ಬೇಕಾದವರು ವೈದ್ಯರನ್ನು ಕೇಳಿ, ಲೈಸೆನ್ಸ್ ನಂಬರ್ ಇರುವ ಕಂಪನಿಯದನ್ನು ಅಂಗಡಿಯಲ್ಲಿ ತಗೋಬೇಕು.

ಎರಡು, ಗೋದಾಮಿನ ಹಿಂದಿನ ಖಾಲಿ ಜಾಗದಲ್ಲಿ ತುಳಸಿ, ಆಡುಸೋಗೆ, ಅಮೃತಬಳ್ಳಿ, ಲಕ್ಕಿ, ದೊಡ್ಡಪತ್ರೆ ಮಡಿ ಮಾಡುತ್ತೇವೆ. ತುಳಸಿ ಬಿಟ್ಟರೆ ಉಳಿದವು ಕಡ್ಡಿ ನೆಟ್ಟರೆ ಬದುಕುತ್ತವೆ. ಸದಸ್ಯರ ಮನೆಗೆ ಒಂದೊಂದು ಸಸಿ ಪುಕ್ಕಟೆ. ಪ್ರತಿ ಗಿಡಕ್ಕೂ ಹೆಸರಿನ ಫಲಕ ಇರುತ್ತದೆ, ಗುರುತು ತಪ್ಪಬಾರದು.

ಮೂರು, ಸಂಘದ ಗೋಡೆಯ ಮೇಲೆ ವಿಷದ ಗಿಡಗಳ ಹೆಸರು, 108 ಮತ್ತು ಹಾವು ಕಡಿದಾಗ ಮಾಡಬೇಕಾದದ್ದನ್ನು ದೊಡ್ಡ ಅಕ್ಷರದಲ್ಲಿ ಬರೆಸುತ್ತೇವೆ.

ನಾಲ್ಕು, ಯಶಸ್ವಿನಿ ಯೋಜನೆ. ಸಹಕಾರ ಸಂಘದ ಸದಸ್ಯರಿಗೆಂದೇ 2003ರಲ್ಲಿ ಬಂದ ಈ ಯೋಜನೆ 2018ರಲ್ಲಿ ಬೇರೆ ಯೋಜನೆಯಲ್ಲಿ ಸೇರಿ ನಿಂತಿತ್ತು, 2022-23ರಲ್ಲಿ ಮತ್ತೆ ಸುರುವಾಯಿತು. ಆಪರೇಷನ್ ಖರ್ಚಿಗೆ ಹೊಲ ಒತ್ತಿ ಹಾಕಿದವರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ? ನೋಂದಣಿ ಸುರುವಾದಾಗ ಒಬ್ಬ ಸದಸ್ಯರೂ ಬಿಟ್ಟುಹೋಗಬಾರದು. ಕಷಾಯ ಕಾಯಿಸುವ ಕೈಯಿಂದಲೇ ಆ ಅರ್ಜಿಗೂ ಸಹಿ ಮಾಡಿರಿ.

ಅರ್ಜಿ ಕೊಟ್ಟ ಯುವಕರು ಬೇಸರ ಮಾಡಿಕೊಳ್ಳಬಾರದು. ಅವರ ಉತ್ಸಾಹದಿಂದಲೇ ಇಷ್ಟು ವಿಷಯ ನಮಗೆ ತಿಳಿಯಿತು. ಗಿಡದ ಮಡಿಯ ಉಸ್ತುವಾರಿಯನ್ನು ಮಂಡಳಿ ಅವರಿಗೇ ವಹಿಸಿದೆ. ಗಿಡಗಳ ಗುರುತು ಹೇಳಿಕೊಡಲು ಒಪ್ಪಿಕೊಂಡವರು ಸಭೆಯಲ್ಲಿ ಎದ್ದು ಪ್ರಶ್ನೆ ಕೇಳಿದ ಆ ತಾಯಿಯೇ. ಅವರಿಗೆ ಸಂಘದ ಪರವಾಗಿ ಕೃತಜ್ಞತೆ ಸಲ್ಲಿಸುತ್ತೇವೆ.

ಸಸಿ ಬೇಕಾದವರು ಮಳೆ ಬಿದ್ದ ಮೇಲೆ ಗೋದಾಮಿನ ಹತ್ತಿರ ಬರ್ರಿ, ಬರುವಾಗ ಮಣ್ಣು ತುಂಬಿದ ಒಂದು ಡಬ್ಬಿ ತರ್ರಿ. ಕ್ರಿಮಿನಾಶಕದ ಡಬ್ಬಿ ಮಾತ್ರ ಬ್ಯಾಡ.

ಜೈ ಸಹಕಾರ.